ಬಿದ್ದವರ ಬಿಲ್ ಯಾರದು?

ಪ್ರಾಣಕ್ಕೇ ಕುತ್ತು ತರುವಂಥ ಆಟವಾಡಿ ಆಸ್ಪತ್ರೆ ಸೇರಿದವರಿಗಾಗಿ ಚಂದಾ ಎತ್ತಿದಾಗಲೆಲ್ಲ ಯಾರಾದರೊಬ್ಬರು 'ಮಾಡಿದ್ದುಣ್ಣೋ ಮಹರಾಯ' ಎಂದುಬಿಡುತ್ತಾರೆ. ಗೊತ್ತಿದ್ದೂ ಹಾರಿದವರಿಗೆ ನಾವೇಕೆ ದುಡ್ಡು ಕೊಡಬೇಕು? ಇದನ್ನು ಕಲ್ಲೆದೆಯವರ ಮಾತೆಂದು ತಳ್ಳಿಹಾಕುವಂತಿಲ್ಲ; ವಿಮೆಯ ಗೊಡವೆಯೇ ಇಲ್ಲದೆ ಹಾರುವವರೂ ಇದ್ದಾರೆ. ಆದರೆ ಸಾರಾ ಬರ್ಕ್ ಅವರಿಗಾದದ್ದನ್ನು ನೋಡಿದರೆ ಈ ವಾದ ಅಲುಗಾಡತೊಡಗುತ್ತದೆ.

ಕೆನಡಾದ ಬರ್ಕ್ ವಿಂಟರ್ ಎಕ್ಸ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಸ್ಕೀ ಆಟಗಾರ್ತಿ. ಅವರದು ಹಾಫ್‌ಪೈಪ್: ದೊಡ್ಡ ಪೈಪನ್ನು ಉದ್ದಕ್ಕೆ ಸೀಳಿ ಮಲಗಿಸಿದಂಥ ಹಿಮದ ಕಾಲುವೆ. ಅದರ ಗೋಡೆಯೇರಿ, ಗಾಳಿಯಲ್ಲಿ ಸುತ್ತು ಹೊಡೆದು, ಮತ್ತೆ ಅದೇ ಗೋಡೆಗೆ ಇಳಿಯಬೇಕು. ಈ ಆಟ ಒಲಿಂಪಿಕ್ಸ್ ಸೇರಬೇಕೆಂದು ಪಟ್ಟು ಹಿಡಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. 2014ರ ಸೋಚಿಯಲ್ಲಿ ಅದು ಸೇರಿತು, ಅಷ್ಟರಲ್ಲಿ ಅವರೇ ಇರಲಿಲ್ಲ. 2012ರ ಜನವರಿ 10ರಂದು ಅಮೆರಿಕದ ಪಾರ್ಕ್ ಸಿಟಿಯಲ್ಲಿ ಅಭ್ಯಾಸ ಮಾಡುವಾಗ ಬಿದ್ದರು. ಕುತ್ತಿಗೆಯ ರಕ್ತನಾಳ ಹರಿಯಿತು, ಹೃದಯ ನಿಂತಿತು, ಮಿದುಳಿಗೆ ಆಮ್ಲಜನಕ ತಪ್ಪಿತು. ಒಂಬತ್ತು ದಿನಗಳ ಬಳಿಕ ತೀರಿಕೊಂಡಾಗ ಅವರಿಗೆ 29 ವರ್ಷ.

ಅವರು ವಿಮೆಯಿಲ್ಲದೆ ಆಡಿದವರಲ್ಲ. ಕ್ರೀಡಾ ಸಂಘದ ವಿಮೆಯಿತ್ತು. ಆದರೆ ಆ ದಿನದ ಅಭ್ಯಾಸ ನಡೆದದ್ದು ಪ್ರಾಯೋಜಕರ ಖಾಸಗಿ ಕಾರ್ಯಕ್ರಮದಲ್ಲಿ, ಸಂಘದ ಸ್ಪರ್ಧೆಯಲ್ಲಲ್ಲ. ಹಾಗಾಗಿ ಆ ವಿಮೆ ಅನ್ವಯಿಸಲಿಲ್ಲ. ಕೆನಡಾದಲ್ಲೇ ಬಿದ್ದಿದ್ದರೆ ಆಸ್ಪತ್ರೆಯ ಖರ್ಚನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆ ನೋಡಿಕೊಳ್ಳುತ್ತಿತ್ತು. ಅದೇ ಹಾರಾಟ, ಅದೇ ಅಪಾಯ. ಕಾರ್ಯಕ್ರಮ ಯಾರದು, ನೆಲ ಯಾವುದು ಎಂಬುದರ ಮೇಲೆ ಲಕ್ಷಾಂತರ ಡಾಲರ್ ನಿಂತಿತ್ತು. ಇದರಲ್ಲಿ 'ಮಾಡಿದ್ದು' ಯಾವುದು, 'ಉಣ್ಣಬೇಕಾದವರು' ಯಾರು?

ಜನ ಕೈಬಿಡಲಿಲ್ಲ. ಆನ್‌ಲೈನ್‌ನಲ್ಲಿ ಎತ್ತಿದ ಚಂದಾ 3 ಲಕ್ಷ ಡಾಲರ್ ದಾಟಿತು. ಆ ಔದಾರ್ಯಕ್ಕೆ ಕೊಂಕು ನುಡಿಯಲಾರೆ. ಆದರೂ ಒಂದು ಅನುಮಾನ: ಅದು ಹರಿದುಬಂದದ್ದು ಹೆಸರಿನ ಬಲದಿಂದಲೂ ಹೌದಲ್ಲವೇ? ಅದೇ ಇಳಿಜಾರಿನಲ್ಲಿ ಬೆನ್ನುಮೂಳೆ ಮುರಿದುಕೊಂಡ ಅನಾಮಧೇಯನ ಮನೆಗೆ ಅಷ್ಟು ದುಡ್ಡು ಬರುವುದಿಲ್ಲ. ಕನಿಕರ ಮುಖ ನೋಡಿ ಮಣೆ ಹಾಕುತ್ತದೆ. ಆಸ್ಪತ್ರೆಯ ಕೌಂಟರ್ ಹಾಗಲ್ಲ.

ಈ ಕೊರತೆಯನ್ನು ಆಟಗಾರರೇ ಮೊದಲು ಕಂಡರು. 2006ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಬೆಟ್ಟದಲ್ಲಿ ಬಿದ್ದು ನಡೆಯುವ ಶಕ್ತಿ ಕಳೆದುಕೊಂಡ ಸ್ಕೀ ಪಟು ರಾಯ್ ಟಸ್ಕನಿ, ತನ್ನವರ ನೆರವಿನಿಂದ ಚೇತರಿಸಿಕೊಂಡು 2009ರಲ್ಲಿ 'ಹೈ ಫೈವ್ಸ್' ಎಂಬ ಪ್ರತಿಷ್ಠಾನ ಕಟ್ಟಿದರು. ಗಾಯಾಳುಗಳ ಪುನಶ್ಚೇತನಕ್ಕೆ ಅದು ನೆರವಾಗುತ್ತದೆ. ಬಿದ್ದ ಮೇಲೆ ಡಬ್ಬಿ ಹಿಡಿದು ಓಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇಲ್ಲೂ ಹೊರೆ ಹೊರುವವರು ಆಟದವರು ಮತ್ತು ದಾನಿಗಳೇ. ಹೆಲ್ಮೆಟ್ಟಿನ ಮೇಲೆ ತಮ್ಮ ಹೆಸರು ಅಂಟಿಸಿ ಆ ಹಾರಾಟದ ವಿಡಿಯೊದಿಂದ ಸರಕು ಮಾರುವ ಕಂಪನಿಗಳಿಗೆ ಅಪಾಯವೇ ಬಂಡವಾಳ. ಲಾಭ ಅವರಿಗೆ, ಬಿಲ್ ಮಾತ್ರ ಮನೆಯವರಿಗೆ ಎಂದರೆ ಲೆಕ್ಕ ತಾಳೆಯಾಗುವುದಿಲ್ಲ. ತಮ್ಮ ಕಾರ್ಯಕ್ರಮದಲ್ಲಿ ಹಾರುವವರಿಗೆ, ಅದು ಅಭ್ಯಾಸವೇ ಆಗಿರಲಿ, ವಿಮೆ ಮಾಡಿಸುವುದು ಪ್ರಾಯೋಜಕರ ಔದಾರ್ಯವಲ್ಲ, ಖರ್ಚಿನ ಬಾಬ್ತು.

ನಮ್ಮ ದೇಶದ ಆರೋಗ್ಯ ವಿಮೆಯ ಪಾಲಿಸಿಗಳಲ್ಲೂ ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯಲ್ಲಿ ಸಾಹಸ ಕ್ರೀಡೆಗಳು ಸಾಮಾನ್ಯವಾಗಿ ಇರುತ್ತವೆ: ಬಂಡೆ ಹತ್ತುವುದು, ಪರ್ವತಾರೋಹಣ, ರಾಫ್ಟಿಂಗ್, ಮೋಟಾರ್ ರೇಸಿಂಗ್. ವೃತ್ತಿಪರರಾಗಿ ಆಡಿ ಗಾಯವಾದರೆ ಹಣವಿಲ್ಲ ಎಂಬುದು ಅಲ್ಲಿನ ಒಕ್ಕಣೆ. ಶೋಕಿಗೆ ರಾಫ್ಟಿಂಗಿಗೆ ಹೋದವರಿಗೆ ಸಿಗಬಹುದಾದದ್ದು, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಸಿಗುವುದಿಲ್ಲ.