ತಂತಿ ಹಾಡಿದರೆ ಗುರುತು ಸಿಕ್ಕಿತು!

ಕಚೇರಿಯ ಗೋಡೆಯೊಳಗೆ ನೂರು ತಂತಿಗಳು ಹೊಕ್ಕಿವೆ. ಮೇಲಿನ ಮಹಡಿಯಲ್ಲಿ ನೂರೂ ಹೊರಬಂದಿವೆ. ಕೆಳಗಿನ ಈ ತಂತಿ ಮೇಲೆ ಯಾವುದು? ಬಣ್ಣ ಒಂದೇ, ದಪ್ಪವೂ ಒಂದೇ. ಅಂದಾಜಿನಲ್ಲಿ ಕತ್ತರಿ ಹಾಕಿದರೆ ಯಾರದೋ ಟೆಲಿಫೋನ್ ಮೂಕವಾದೀತು. ವಿದ್ಯುತ್ ಹರಿಯುವ ಕೇಬಲ್ಲಾದರೆ ಕತ್ತರಿಸಿದವನ ಪ್ರಾಣಕ್ಕೇ ಕುತ್ತು.

ಇದಕ್ಕೆ ತಂತ್ರಜ್ಞರ ಉಪಾಯ ತಂತಿಯನ್ನೇ ಹಾಡಿಸುವುದು. ಸಂಜ್ಞಾಜನಕದ ಒಂದು ಕ್ಲಿಪ್ಪನ್ನು ಹುಡುಕಬೇಕಾದ ತಂತಿಗೂ ಇನ್ನೊಂದನ್ನು ಅರ್ತ್‌ಗೂ ಜೋಡಿಸುತ್ತಾರೆ. ಮೇಲೆ ಲೋಹದ ಮೊನೆಯ ಶೋಧಕವನ್ನು ಒಂದೊಂದೇ ತಂತಿಗೆ ತಾಗಿಸುತ್ತಾರೆ. ಪ್ಲಾಸ್ಟಿಕ್ ಹೊದಿಕೆ ಸುಲಿಯಬೇಕಾಗಿಲ್ಲ. ಒಳಗಿನ ತಾಮ್ರ, ಹೊರಗಿನ ಮೊನೆ, ನಡುವಿನ ಪ್ಲಾಸ್ಟಿಕ್ ಸೇರಿ ಪುಟ್ಟ ಕೆಪಾಸಿಟರ್ ಆಗುತ್ತದೆ. ಅದರ ಮೂಲಕ ನುಸುಳಿದ ಕ್ಷೀಣ ಸಂಜ್ಞೆಯನ್ನು ಆಂಪ್ಲಿಫೈಯರ್ ಹಿಗ್ಗಿಸಿ ಇಯರ್‌ಫೋನಿನಲ್ಲಿ ಕೇಳಿಸುತ್ತದೆ.

ಸಂಜ್ಞೆ ಎಂಥದಿರಬೇಕು? ವಿನ್ಯಾಸದ ತಿರುಳು ಇದೇ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಕಂಪಿಸುತ್ತ ಶೋಧಕದಲ್ಲೂ ‘ಗುಂಯ್’ ಎನ್ನುತ್ತದೆ. ಆ ಗದ್ದಲದಿಂದ ದೂರವಿರುವ, ಕಿವಿಗೆ ಚೆನ್ನಾಗಿ ಕೇಳುವ 1000 ಹರ್ಟ್ಸ್ ಆಸುಪಾಸಿನ ಸ್ವರ ಅನುಕೂಲ. ಒಂದೇ ಸಮನೆಯ ಸದ್ದಿಗಿಂತ ಏರಿಳಿಯುವ ಸದ್ದನ್ನು ಕಿವಿ ಬೇಗ ಹಿಡಿಯುತ್ತದೆ.

ಹಾನ್ಸ್ ಕಾಮೆಂಜಿಂಡ್ 1971ರಲ್ಲಿ ರೂಪಿಸಿದ 555 ಟೈಮರ್ ಐಸಿ ಎರಡಿದ್ದರೆ ಇಂಥ ಸ್ವರ ಸಿದ್ಧ. 9 ವೋಲ್ಟ್ ಬ್ಯಾಟರಿ ಸಾಕು. ಆವೃತ್ತಿಯ ಲೆಕ್ಕ ಹೀಗೆ: ಮೊದಲ ರೋಧಕ್ಕೆ ಎರಡನೆಯ ರೋಧದ ಇಮ್ಮಡಿ ಕೂಡಿಸಿ, ಕೆಪಾಸಿಟರ್ ಬೆಲೆಯಿಂದ ಗುಣಿಸಿ, 1.44ನ್ನು ಆ ಗುಣಲಬ್ಧದಿಂದ ಭಾಗಿಸಬೇಕು. ರೋಧಗಳು 10 ಮತ್ತು 68 ಕಿಲೋ ಓಮ್, ಕೆಪಾಸಿಟರ್ 0.01 ಮೈಕ್ರೋಫ್ಯಾರಡ್ ಆದರೆ ಸುಮಾರು 986 ಹರ್ಟ್ಸ್. ಅದೇ ರೋಧಗಳಿಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು ಎರಡೇ ಬಾರಿ. ಈ ನಿಧಾನದ ಐಸಿಯ 3ನೇ ಪಿನ್ನನ್ನು 10 ಕಿಲೋ ಓಮ್ ಮೂಲಕ ಇನ್ನೊಂದರ 5ನೇ ಪಿನ್ನಿಗೆ ಕೊಟ್ಟರೆ ಸ್ವರ ಏರಿಳಿಯುತ್ತದೆ. ವೇಗದ ಐಸಿಯ 3ನೇ ಪಿನ್ನಿನಿಂದ 1 ಕಿಲೋ ಓಮ್ ದಾಟಿ ಸಂಜ್ಞೆ ತಂತಿಗೆ ಹೋಗುತ್ತದೆ.

ಒಂದು ತೊಡಕುಂಟು. ಪಕ್ಕದ ತಂತಿಗಳಿಗೂ ಸಂಜ್ಞೆ ಸ್ವಲ್ಪ ಹರಡುತ್ತದೆ. ಅತಿ ಜೋರಾಗಿ ಹಾಡುವ ತಂತಿಯ ಮೇಲಿನ ತುದಿಯನ್ನು ಅರ್ತ್‌ಗೆ ತಾಗಿಸಿ ನೋಡಬೇಕು. ಸದ್ದು ಅಡಗಿದರೆ ಅದೇ ತಂತಿ.

ವಿದ್ಯಾರ್ಥಿಗಳು ಈ ಪ್ರಯೋಗವನ್ನು ಎಲ್ಲಿಗೂ ಜೋಡಿಸದ ಬಿಡಿ ತಂತಿಗಳಲ್ಲಿ, ಶಿಕ್ಷಕರ ಎದುರಿನಲ್ಲೇ ಮಾಡಬೇಕು. ಮನೆಯ ವಯರಿಂಗಿಗೆ ಕ್ಲಿಪ್ ಹಾಕಲೇಬಾರದು. ಹಾಡು ಕೇಳಿದರೆ ತಂತಿ ಯಾವುದೆಂದು ತಿಳಿಯುತ್ತದೆಯೇ ಹೊರತು, ಅದರಲ್ಲಿ 230 ವೋಲ್ಟ್ ಇಲ್ಲವೆಂದು ತಿಳಿಯುವುದಿಲ್ಲ.