ಕಂಪನಿಯ ಮೋಡ, ಮನೆಯ ದೀಪ

ಜಗುಲಿಯ ದೀಪವನ್ನು ಹೊತ್ತಿಸಲು ಮನೆಯ ಯಜಮಾನಿ ಯಾರ ಅಪ್ಪಣೆ ಪಡೆಯಬೇಕು? ಪ್ರಶ್ನೆ ಹಾಸ್ಯಾಸ್ಪದವೆನಿಸಬಹುದು. ಆದರೆ ‘ಸ್ಮಾರ್ಟ್’ ಎಂಬ ವಿಶೇಷಣವನ್ನು ಅಂಟಿಸಿಕೊಂಡು ಮಾರುಕಟ್ಟೆಗೆ ಬರುತ್ತಿರುವ ಬಲ್ಬು, ಸ್ವಿಚ್ಚು, ಫ್ಯಾನು, ಕ್ಯಾಮೆರಾ, ಗೀಸರುಗಳಲ್ಲಿ ಅನೇಕವು ಇಂತಹ ಅಪ್ಪಣೆಯ ವ್ಯವಸ್ಥೆಯ ಮೇಲೆಯೇ ನಿಂತಿವೆ. ಮೊಬೈಲಿನ ಪರದೆಯ ಮೇಲೆ ಬೆರಳಿಟ್ಟಾಗ ಆಜ್ಞೆಯು ಹತ್ತು ಅಡಿ ದೂರದ ಬಲ್ಬಿಗೆ ನೇರವಾಗಿ ಹೋಗುವುದಿಲ್ಲ. ಅದು ಮನೆಯಿಂದ ಹೊರಟು, ಕೇಬಲ್ಲು ಟವರುಗಳನ್ನು ದಾಟಿ, ತಯಾರಕ ಕಂಪನಿಯು ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದಿರುವ ಸರ್ವರನ್ನು ತಲುಪಿ, ಅಲ್ಲಿ ಗುರುತಿನ ತಪಾಸಣೆಗೊಳಗಾಗಿ, ಮತ್ತೆ ಅಷ್ಟೇ ದಾರಿಯನ್ನು ಕ್ರಮಿಸಿ ಬಂದ ಮೇಲೆ ದೀಪ ಹೊತ್ತುತ್ತದೆ. ಈ ದೂರದ ಸರ್ವರುಗಳ ಸಮೂಹಕ್ಕೆ ವ್ಯಾಪಾರಿಗಳು ಇಟ್ಟಿರುವ ಹೆಸರು ‘ಕ್ಲೌಡ್’, ಅಂದರೆ ಮೋಡ. ಮಲೆನಾಡಿನವರಿಗೆ ಮೋಡದ ಪರಿಚಯ ಚೆನ್ನಾಗಿಯೇ ಇದೆ. ಅದು ಯಾರ ಸ್ವತ್ತೂ ಅಲ್ಲ. ಬಡವನ ಗದ್ದೆ, ಸಿರಿವಂತನ ತೋಟ ಎಂದು ನೋಡಿ ಸುರಿಯುವುದಿಲ್ಲ. ಕಂಪನಿಯ ಮೋಡಕ್ಕಾದರೋ ಮಾಲೀಕನಿದ್ದಾನೆ. ಲೆಕ್ಕಪುಸ್ತಕದಲ್ಲಿ ಲಾಭ ಇಳಿದ ದಿನ ಅವನು ಅದನ್ನು ಚದುರಿಸಬಲ್ಲ.

ಚದುರಿದ ಮೋಡಗಳು

ಇದು ಮುಂದೆಂದೋ ನಡೆಯಬಹುದಾದ ಅಪಾಯದ ಊಹೆಯೆಂದು ಯಾರೂ ಭಾವಿಸಬೇಕಿಲ್ಲ. ಅಮೆರಿಕದ ‘ರಿವಾಲ್ವ್’ ಎಂಬ ಸಂಸ್ಥೆಯು ಮನೆಯ ದೀಪ, ಬೀಗ, ಸೆನ್ಸರುಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆಯೊಂದನ್ನು ಸುಮಾರು 300 ಡಾಲರಿಗೆ ಮಾರುತ್ತಿತ್ತು. ಆಜೀವ ಸೇವೆಯ ಭರವಸೆಯೂ ಜೊತೆಗಿತ್ತು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕಂಪನಿ ಅದನ್ನು ಕೊಂಡಿತು. 2016ರ ಮೇ 15ರಂದು ಅದರ ಸರ್ವರುಗಳನ್ನು ಮುಚ್ಚಿತು. ಅಂದು ಆ ಪೆಟ್ಟಿಗೆಗಳ ತಂತಿಯೇನೂ ಸುಟ್ಟಿರಲಿಲ್ಲ, ಬಿಡಿಭಾಗವೇನೂ ಸವೆದಿರಲಿಲ್ಲ. ಆದರೂ ಅವೆಲ್ಲವೂ ಒಂದೇ ದಿನ ಕಸವಾದವು. ಟೀಕೆ ತೀವ್ರವಾದ ಮೇಲೆ ಹಣ ಮರಳಿಸಲು ಕಂಪನಿ ಮುಂದಾಯಿತೆನ್ನುವುದು ನಿಜ. ಆದರೆ ‘ಆಜೀವ’ ಎಂಬ ಪದಕ್ಕೆ ‘ಕಂಪನಿಗೆ ಆಸಕ್ತಿ ಇರುವವರೆಗೆ’ ಎಂಬ ಹೊಸ ಅರ್ಥ ಅಂದು ಪ್ರಾಪ್ತವಾಯಿತು.

2022ರ ಏಪ್ರಿಲ್‌ನಲ್ಲಿ ‘ಇನ್‌ಸ್ಟಿಯಾನ್’ ಎಂಬ ಮತ್ತೊಂದು ಹಳೆಯ ಸಂಸ್ಥೆಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಗೋಡೆಯ ಗುಂಡಿಗಳು ಕೆಲಸ ಮಾಡುತ್ತಿದ್ದವು. ಮೊಬೈಲಿನಿಂದ ನಡೆಯುತ್ತಿದ್ದ ನಿಯಂತ್ರಣವೆಲ್ಲ ನಿಂತುಹೋಯಿತು. ಕೆಲವು ವಾರಗಳ ಅನಂತರ ಅದರ ಬಳಕೆದಾರರ ಗುಂಪೊಂದು ಸಂಸ್ಥೆಯನ್ನೇ ಕೊಂಡು, ವಾರ್ಷಿಕ ಚಂದಾ ನಿಗದಿಪಡಿಸಿ ಸೇವೆಯನ್ನು ಮತ್ತೆ ಆರಂಭಿಸಿತು. ಗಮನಿಸಬೇಕಾದ ಅಂಶವೆಂದರೆ, ಆ ಉಪಕರಣಗಳನ್ನು ಮೊದಲೇ ಮನೆಯೊಳಗಿನ ಸ್ವಂತ ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದವರಿಗೆ ಈ ಅವಾಂತರದ ಬಿಸಿ ತಟ್ಟಲಿಲ್ಲ.

ಸಣ್ಣ ಕಂಪನಿಗಳು ಮುಳುಗುತ್ತವೆ, ದೊಡ್ಡವು ಮುಳುಗುವುದಿಲ್ಲ ಎಂಬ ಸಮಾಧಾನವೂ ಉಳಿದಿಲ್ಲ. 2011 ಮತ್ತು 2012ರಲ್ಲಿ ಬಂದ ನೆಸ್ಟ್ ಥರ್ಮೋಸ್ಟಾಟ್‌ಗಳಿಗೆ 2025ರ ಅಕ್ಟೋಬರ್ 25ರಂದು ಗೂಗಲ್ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲಿನ ಬಿರಡೆ ತಿರುಗುತ್ತದೆ. ದೂರದಿಂದ ನಿಯಂತ್ರಿಸುವ ಸೌಲಭ್ಯ ಮಾತ್ರ ಇಲ್ಲವಾಯಿತು. ಹೆಚ್ಚು ಬೆಲೆ ತೆತ್ತು ಜನ ಕೊಂಡದ್ದು ಆ ಸೌಲಭ್ಯಕ್ಕಾಗಿಯೇ ಅಲ್ಲವೇ? ಅದೇ ತಿಂಗಳ 20ರಂದು ಅಮೆಜಾನ್ ಕಂಪನಿಯ ವರ್ಜೀನಿಯಾದ ಸರ್ವರು ಕೇಂದ್ರದಲ್ಲಿ ದೋಷ ಕಾಣಿಸಿಕೊಂಡಾಗ, ‘ಏಟ್ ಸ್ಲೀಪ್’ ಎಂಬ ಕಂಪನಿಯ ದುಬಾರಿ ಹಾಸಿಗೆಗಳ ತಾಪವನ್ನು ಇಳಿಸಲಾಗದೆ ಜನ ನಿದ್ದೆಗೆಟ್ಟರು. ಮಲಗುವ ಹಾಸಿಗೆಗೂ ದೂರದ ಸರ್ವರಿನ ಕೃಪೆ ಬೇಕೆಂಬುದು ನಾಗರಿಕತೆಯ ಪ್ರಗತಿಯೋ ವಿಡಂಬನೆಯೋ? ಟೀಕೆ ಬಂದ ಮೇಲೆ, ಇಂಟರ್ನೆಟ್ ಇಲ್ಲದಾಗಲೂ ಮೊಬೈಲಿನಿಂದ ನೇರವಾಗಿ ಹಾಸಿಗೆಯನ್ನು ನಿಯಂತ್ರಿಸುವ ಏರ್ಪಾಡನ್ನು ಆ ಕಂಪನಿ ಒದಗಿಸಿತು. ಅಂದರೆ ಅದು ಮೊದಲಿನಿಂದಲೂ ಸಾಧ್ಯವಿತ್ತು, ಕೊಡುವ ಮನಸ್ಸಿರಲಿಲ್ಲ.

ಮಳೆಗಾಲದ ಸತ್ಯ

ವರ್ಜೀನಿಯಾದ ಒಂದು ದಿನದ ದೋಷ ಪ್ರಪಂಚದ ಸುದ್ದಿಯಾಗುತ್ತದೆ. ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಮರ ಉರುಳಿ, ಕಂಬ ಮುರಿದು, ನಾಲ್ಕಾರು ದಿನ ಕರೆಂಟಿಲ್ಲದೆ ಟವರಿನ ಬ್ಯಾಟರಿಯೂ ಬರಿದಾಗುವುದು ಯಾವ ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ತೋಟದ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ, ಕೆಲವೆಡೆ ಸೌರಫಲಕವೂ ಇರುತ್ತದೆ. ಹಾಗಾಗಿ ಇಲ್ಲಿನ ನಿಜವಾದ ಸಂಕಟ ವಿಚಿತ್ರವಾದದ್ದು: ಮನೆಯಲ್ಲಿ ವಿದ್ಯುತ್ತಿದೆ, ಬಲ್ಬೂ ಸರಿಯಾಗಿದೆ, ಆಜ್ಞೆ ಹೋಗಿಬರಲು ದಾರಿ ಇಲ್ಲ. ಸ್ವತಂತ್ರವಾಗಿ ಕೆಲಸ ಮಾಡುವ ಶಕ್ತಿಯುಳ್ಳ ಉಪಕರಣವನ್ನು ಉದ್ದೇಶಪೂರ್ವಕವಾಗಿ ಪರಾವಲಂಬಿಯನ್ನಾಗಿ ಮಾಡಿದ್ದರ ಫಲವಿದು.

ಇದನ್ನು ಸಿರಿವಂತರ ಆಟಿಕೆಗಳ ಸಮಸ್ಯೆಯೆಂದು ತಳ್ಳಿಹಾಕುವ ಹಿರಿಯರು ಪರಿಸರ ಚಳವಳಿಯಲ್ಲಿಯೇ ಇದ್ದಾರೆ. ‘ಎದ್ದು ಹೋಗಿ ಸ್ವಿಚ್ಚು ಒತ್ತಿದರಾಯಿತು’ ಎಂಬುದು ಅವರ ಮಾತು. ಆ ಮಾತಿನಲ್ಲಿ ಹುರುಳಿದೆ. ಬೇಡದ್ದನ್ನು ಕೊಳ್ಳದಿರುವುದೇ ಮೊದಲ ಪರಿಸರ ಧರ್ಮ. ಆದರೆ ಮಕ್ಕಳೆಲ್ಲ ಬೆಂಗಳೂರು ಸೇರಿ, ಮಂಡಿನೋವಿನ ಅಜ್ಜ ಅಜ್ಜಿ ಇಬ್ಬರೇ ಉಳಿದಿರುವ ಒಂಟಿ ಮನೆಗಳ ಸಂಖ್ಯೆಯೇನು ಕಡಿಮೆಯೇ? ಅಂಥವರಿಗೆ ಕತ್ತಲಾದೊಡನೆ ಅಂಗಳದ ದೀಪ ತಾನಾಗಿ ಹೊತ್ತುವುದು, ಟ್ಯಾಂಕು ತುಂಬಿದೊಡನೆ ಹಳ್ಳದ ಬದಿಯ ಪಂಪು ತಾನಾಗಿ ನಿಲ್ಲುವುದು ಆಡಂಬರವಲ್ಲ. ಜಾರುವ ಪಾಚಿಯ ಮೆಟ್ಟಿಲನ್ನು ರಾತ್ರಿ ಇಳಿಯುವ ಅಗತ್ಯ ತಪ್ಪಿದರೆ ಒಂದು ಸೊಂಟದ ಮೂಳೆ ಉಳಿಯುತ್ತದೆ. ತಂತ್ರಜ್ಞಾನ ಬೇಕೇ ಬೇಡವೇ ಎಂದು ವಾದಿಸುತ್ತ ಕೂತರೆ, ಅದರ ಕೀಲಿಕೈ ಯಾರ ಬಳಿ ಇರಬೇಕೆಂಬ ಮುಖ್ಯ ಪ್ರಶ್ನೆಯನ್ನು ಕಂಪನಿಗಳೇ ತಮಗೆ ಬೇಕಾದಂತೆ ತೀರ್ಮಾನಿಸಿಬಿಡುತ್ತವೆ.

ಬೀಜ ಕಲಿಸಿದ ಪಾಠ

ಈ ಪ್ರಶ್ನೆ ರೈತನಿಗೆ ಹೊಸದಲ್ಲ. 1998ರಲ್ಲಿ ಅಮೆರಿಕದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆ ಜಂಟಿಯಾಗಿ ಒಂದು ಪೇಟೆಂಟ್ ಪಡೆದವು. ಬೆಳೆಯೇನೋ ಬರುತ್ತದೆ, ಆ ಬೆಳೆಯಿಂದ ಎತ್ತಿಟ್ಟ ಬೀಜ ಮಾತ್ರ ಮೊಳೆಯದಂತೆ ಮಾಡುವ ತಂತ್ರವದು. ಜಗತ್ತು ಅದನ್ನು ‘ಟರ್ಮಿನೇಟರ್’ ಎಂದು ಕರೆಯಿತು. ಭಾರತದ ಸಂಸತ್ತು 2001ರಲ್ಲಿ ಅಂಗೀಕರಿಸಿದ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಇಂತಹ ತಂತ್ರವುಳ್ಳ ತಳಿಗಳಿಗೆ ನೋಂದಣಿಯನ್ನು ನಿರಾಕರಿಸಿತು. ಬೆಳೆದ ಬೀಜವನ್ನು ಎತ್ತಿಡುವ, ಮತ್ತೆ ಬಿತ್ತುವ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ಅದರ 39ನೆಯ ಕಲಮು ರೈತನಿಗೆ ಕಾಯ್ದಿರಿಸಿತು.

ಕಂಪನಿಯ ಸರ್ವರಿಲ್ಲದೆ ಮಿಡುಕದ ಸ್ವಿಚ್ಚು ಈ ಟರ್ಮಿನೇಟರ್ ಬೀಜದ ಖಾಸಾ ತಮ್ಮ. ಬೀಜದೊಳಗೆ ವಂಶವಾಹಿಯ ಬೀಗ, ಇಲ್ಲಿ ತಂತ್ರಾಂಶದ ಬೀಗ. ಎರಡರಲ್ಲೂ ಮಾರಾಟವಾದ ಮೇಲೂ ವಸ್ತುವಿನ ಮೇಲಿನ ಹಿಡಿತವನ್ನು ಮಾರಿದವನೇ ಇಟ್ಟುಕೊಳ್ಳುತ್ತಾನೆ. ಹೊಲದಲ್ಲಿ ಒಪ್ಪದ ಕರಾರನ್ನು ಅಡುಗೆಮನೆಯಲ್ಲಿ ಒಪ್ಪುವುದು ಯಾವ ನ್ಯಾಯ?

ಪರಿಸರದ ಲೆಕ್ಕವೂ ಇದೆ. 2024ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಸೃಷ್ಟಿಸಿತು; ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ. 22.3 ಮಾತ್ರ. ಹಿಂದೆ ರೇಡಿಯೋ ಕೆಟ್ಟರೆ ತಾಲ್ಲೂಕು ಕೇಂದ್ರದ ರಿಪೇರಿಯವನು ಬೆಸುಗೆ ಹಾಕಿ ಮತ್ತೆ ಹತ್ತು ವರ್ಷ ಹಾಡಿಸುತ್ತಿದ್ದ. ಇಂದು ಏನೂ ಕೆಡದ ಉಪಕರಣ ಸರ್ವರು ಮುಚ್ಚಿದ ಕಾರಣಕ್ಕೆ ಕಸವಾಗುತ್ತದೆ. ಅದನ್ನು ಯಾವ ಬೆಸುಗೆಯಿಂದ ಸರಿಪಡಿಸುವುದು?

ಕಂಪನಿಗಳ ಸಮರ್ಥನೆ

ಕ್ಲೌಡ್ ಇದ್ದರೆ ಸುರಕ್ಷತೆ ಹೆಚ್ಚು ಎಂಬುದು ತಯಾರಕರ ಮೊದಲ ವಾದ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಅವುಗಳಿಗೆ ಕಾರ್ಖಾನೆಯಿಂದಲೇ ಬಂದ ಸುಲಭದ ಪಾಸ್‌ವರ್ಡುಗಳೇ ಅದಕ್ಕೆ ಬಾಗಿಲು ತೆರೆದವು. ಹೊರಜಗತ್ತಿಗೆ ತೆರೆದುಕೊಳ್ಳದೆ ಮನೆಯೊಳಗಿನ ಜಾಲದಲ್ಲಷ್ಟೇ ಮಾತನಾಡುವ ಉಪಕರಣವನ್ನು ಹೊರಗಿನ ಕಳ್ಳ ಮುಟ್ಟುವುದು ಬಹಳ ಕಷ್ಟ. ಸುರಕ್ಷಾ ಪರಿಷ್ಕರಣೆಗಳು ಬೇಕು, ನಿಜ. ಪರಿಷ್ಕರಣೆಗೆ ಆಗಾಗ ಸಂಪರ್ಕ ಸಾಕು. ಪ್ರತಿ ಬಾರಿ ದೀಪ ಹೊತ್ತಿಸುವಾಗಲೂ ಕಂಪನಿಗೆ ವರದಿ ಒಪ್ಪಿಸಬೇಕಿಲ್ಲ. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಮನೆ ಖಾಲಿ ಇರುತ್ತದೆ ಎಂಬ ವಿವರವೆಲ್ಲ ಆ ವರದಿಯಲ್ಲಿ ಅಡಗಿರುತ್ತದೆಂಬುದನ್ನು ಮರೆಯಲಾಗದು.

ದೂರದ ಊರಿನಿಂದ ಮನೆಯನ್ನು ನೋಡಲು ಕ್ಲೌಡ್ ಬೇಕಲ್ಲವೇ ಎಂಬುದು ಎರಡನೆಯ ವಾದ. ಬೆಂಗಳೂರಿನ ಮಗ ಊರಿನ ಮನೆಯ ಸ್ಥಿತಿಯನ್ನು ತಿಳಿಯಲು ಇಂಟರ್ನೆಟ್ ಬೇಕೇ ಬೇಕು. ಆದರೆ ಅದು ಹೆಚ್ಚುವರಿ ಅನುಕೂಲ. ಸಂಪರ್ಕ ಕಡಿದಾಗ ಮಗನಿಗೆ ಕಾಣದಿರಬಹುದು. ಮನೆಯೊಳಗಿನ ತಾಯಿಗೆ ದೀಪ ಹೊತ್ತದಿರಲು ಕಾರಣವೇ ಇಲ್ಲ. ‘ವೈರ್‌ಗಾರ್ಡ್’ನಂತಹ ಮುಕ್ತ ತಂತ್ರಾಂಶದ ಮೂಲಕ ಕಂಪನಿಯ ನೆರವಿಲ್ಲದೆ ಸ್ವಂತ ಮನೆಯನ್ನು ಗುಪ್ತವಾಗಿ ತಲುಪುವ ದಾರಿಯೂ ಇದೆ.

ಕೀಲಿಕೈ ಮರಳಿ ಪಡೆಯುವ ದಾರಿ

ಪರ್ಯಾಯವಿಲ್ಲದ ವಿರೋಧ ಬರಿಯ ಗೊಣಗಾಟ. ಇಲ್ಲಿ ಪರ್ಯಾಯ ಸಿದ್ಧವಾಗಿಯೇ ಇದೆ. ಪೌಲುಸ್ ಸ್ಕೌಟ್ಸನ್ ಎಂಬ ತಂತ್ರಜ್ಞ 2013ರಲ್ಲಿ ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶವನ್ನು ಸಾವಿರಾರು ಜನ ಕೂಡಿ ಬೆಳೆಸಿದ್ದಾರೆ. 2024ರಿಂದ ಅದರ ಒಡೆತನ ಲಾಭೋದ್ದೇಶವಿಲ್ಲದ ‘ಓಪನ್ ಹೋಮ್ ಫೌಂಡೇಶನ್’ನದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ. ಒಂದು ಎಲ್‌ಇಡಿ ಬಲ್ಬಿನಷ್ಟು ವಿದ್ಯುತ್ತು ಸಾಕಾಗುವುದರಿಂದ ಇನ್ವರ್ಟರಿಗೆ ಹೊರೆಯಿಲ್ಲ. ಜಿಗ್‌ಬೀ ಎಂಬ ರೇಡಿಯೋ ಪದ್ಧತಿಯ ಬಲ್ಬು, ಸೆನ್ಸರುಗಳು ಇಂಟರ್ನೆಟ್ಟಿನ ಹಂಗಿಲ್ಲದೆ ಅದರೊಡನೆ ಮಾತನಾಡುತ್ತವೆ. 2022ರ ಅಕ್ಟೋಬರಿನಲ್ಲಿ ಬಂದ ‘ಮ್ಯಾಟರ್’ ಎಂಬ ಮಾನದಂಡವಂತೂ ಮನೆಯೊಳಗಿನ ನೇರ ಸಂವಹನವನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕೆಲವೇ ನೂರು ರೂಪಾಯಿಗೆ ಸಿಗುವ ಇಎಸ್‌ಪಿ8266 ಫಲಕ, ಒಂದು ರಿಲೇ, ಟ್ಯಾಂಕಿನ ತೇಲುಗುಂಡಿನ ಸ್ವಿಚ್ಚು ಇಷ್ಟರಿಂದ ನೀರು ತುಂಬಿದೊಡನೆ ಪಂಪನ್ನು ನಿಲ್ಲಿಸುವ ಯಂತ್ರ ಸಿದ್ಧವಾಗುತ್ತದೆ. ಮೋಟಾರಿನ ಭಾರವನ್ನು ರಿಲೇಗೆ ಹೊರಿಸದೆ ಸ್ಟಾರ್ಟರಿನ ಕಾಂಟ್ಯಾಕ್ಟರನ್ನು ಮಾತ್ರ ಅದರಿಂದ ನಡೆಸಬೇಕು; ಆ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು. ಸಿಡಿಲಿಗೆ ಫಲಕ ಸುಟ್ಟರೂ ಹೊಸದನ್ನು ಅದೇ ದಿನ ಕೂರಿಸಬಹುದು. ಇಂತಹ ಉಪಕರಣಗಳು ಬಳಸುವ ‘ಎಂಕ್ಯೂಟಿಟಿ’ ಎಂಬ ಸಂದೇಶ ಪದ್ಧತಿಯನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ದುರ್ಬಲ ಉಪಗ್ರಹ ಸಂಪರ್ಕದಲ್ಲಿ ತೈಲದ ಕೊಳವೆಗಳನ್ನು ಗಮನಿಸಲೆಂದು. ಸಂಪರ್ಕ ಕಡಿಯುವುದೇ ಸಹಜವೆಂದು ತಿಳಿದು ಕಟ್ಟಿದ ತಂತ್ರಜ್ಞಾನ ಮಲೆನಾಡಿಗೆ ಎಷ್ಟು ಹೊಂದುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಪ್ರತಿ ಮನೆಯವರೂ ಸ್ವತಃ ಕಲಿಯಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಊರಿಗೊಬ್ಬ ಬಾವಿ ತೋಡುವವನಿದ್ದಂತೆ, ಕಾಲೇಜಿನಲ್ಲಿ ಕಲಿತ ಒಬ್ಬ ಹುಡುಗನೋ ಹುಡುಗಿಯೋ ಹತ್ತು ಮನೆಗಳ ಜವಾಬ್ದಾರಿ ಹೊರಬಲ್ಲರು. ಅದು ಊರಿನಲ್ಲೇ ಉಳಿಯುವ ಉದ್ಯೋಗವೂ ಹೌದು.

ಸರ್ಕಾರದ ಹೊಣೆ ಇದರಿಂದ ತಪ್ಪುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಸಮಿತಿಯೊಂದನ್ನು ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಜಾಲತಾಣವನ್ನು ತೆರೆಯಿತು. ಅದರ ವ್ಯಾಪ್ತಿಯಲ್ಲಿ ಕೃಷಿ ಉಪಕರಣಗಳೂ ಗೃಹೋಪಕರಣಗಳೂ ಇವೆ. ಆದರೆ ಜಾಲತಾಣವೇ ಹಕ್ಕಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಉಪಕರಣಕ್ಕೆ ಕನಿಷ್ಠ ಎಷ್ಟು ಕಾಲ ಸುರಕ್ಷಾ ಪರಿಷ್ಕರಣೆ ಸಿಗುವುದೆಂದು ತಯಾರಕನು ಪ್ರಕಟಿಸಲೇಬೇಕು. ಭಾರತದ ಕಾನೂನು ಅದಕ್ಕಿಂತ ಮುಂದೆ ಹೋಗಲಿ. ಇಂಟರ್ನೆಟ್ ಇಲ್ಲದೆ ಯಾವ ಕೆಲಸ ನಡೆಯುತ್ತದೆ, ಯಾವುದು ನಡೆಯದು ಎಂಬುದನ್ನು ಡಬ್ಬದ ಮೇಲೆ ಕನ್ನಡದಲ್ಲಿ ಮುದ್ರಿಸುವುದು ಕಡ್ಡಾಯವಾಗಲಿ. ಸರ್ವರು ಮುಚ್ಚುವ ಕಂಪನಿ ಅದಕ್ಕೆ ಮೊದಲು ಸ್ಥಳೀಯ ನಿಯಂತ್ರಣದ ಕೀಲಿಯನ್ನು ಗ್ರಾಹಕನ ಕೈಗೆ ಒಪ್ಪಿಸಲಿ.

ಕಾನೂನು ಬರುವವರೆಗೆ ಕೊಳ್ಳುವವನ ಕೈಯಲ್ಲಿರುವ ಅಸ್ತ್ರ ಚಿಕ್ಕದು, ಆದರೆ ಹರಿತವಾದದ್ದು. ಹಬ್ಬದ ರಿಯಾಯಿತಿಯ ಫಲಕದ ಕೆಳಗೆ ನಿಂತು ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಬೇಕು: ಇಂಟರ್ನೆಟ್ ತಂತಿ ಕಿತ್ತರೆ ಇದು ನಡೆಯುತ್ತದೆಯೇ? ಸಾಧ್ಯವಾದರೆ ಅಲ್ಲಿಯೇ ಕೀಳಿಸಿ ನೋಡಬೇಕು. ನಡೆಯದಿದ್ದರೆ ಹಣವನ್ನು ಜೇಬಿಗೆ ಹಾಕಿಕೊಂಡು ಹೊರಡಬೇಕು. ಹತ್ತು ಜನ ಹಾಗೆ ಹೊರಟರೆ ಅಂಗಡಿಯವನು ವಿತರಕನನ್ನು ಕೇಳುತ್ತಾನೆ. ವಿತರಕರೆಲ್ಲ ಕೇಳತೊಡಗಿದರೆ ಕಂಪನಿ ಉತ್ತರಿಸಲೇಬೇಕಾಗುತ್ತದೆ.