ಒಬ್ಬರೇ ತಂದ ಮಸೂದೆ



ಈ ವಾರದ ಪ್ರಶ್ನೆ ಆಲೂರು ತಾಲ್ಲೂಕಿನ ಏಳನೇ ತರಗತಿಯ ಹುಡುಗಿಯೊಬ್ಬಳದು. ಅವಳ ಪತ್ರ ಹೀಗಿದೆ: “ನಮ್ಮ ತೋಟದ ಹತ್ತಿರ ಆನೆ ಇದೆ ಅಂತ ಫೋನಿಗೆ ಮೆಸೇಜ್ ಬಂದರೆ ಅವತ್ತು ಅಮ್ಮ ನನ್ನನ್ನು ಶಾಲೆಗೆ ಕಳಿಸೋದಿಲ್ಲ. ಕೆಲಸದವರೂ ಬರೋದಿಲ್ಲ. ಆನೆಗೂ ತೊಂದರೆ ಆಗಬಾರದು, ನಮಗೂ ಆಗಬಾರದು. ಅದಕ್ಕೆ ಒಂದು ಕಾನೂನು ಮಾಡಿ ಅಂತ ನಮ್ಮ ಎಂಪಿಗೆ ಬರೆಯಬಹುದಾ? ಅವರೊಬ್ಬರೇ ಕಾನೂನು ಮಾಡೋಕೆ ಆಗುತ್ತಾ?”

ಎಷ್ಟು ಒಳ್ಳೆಯ ಪ್ರಶ್ನೆ! ಸಕಲೇಶಪುರ, ಆಲೂರು ಕಡೆಯವರಿಗೆ ಇದು ಬರೀ ಪಾಠದ ಪ್ರಶ್ನೆಯಲ್ಲ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ಆನೆಗಳ ಓಡಾಟ ನಿಲ್ಲಲಿಲ್ಲ. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲೇ ಪ್ರಾಣ ಬಿಟ್ಟಿತು. ಮನುಷ್ಯರೂ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ಹಾಗಾಗಿ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡಬೇಕು.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಒಬ್ಬ ಎಂಪಿ ತಾವೊಬ್ಬರೇ ಕಾನೂನು ಮಾಡಲಾರರು. ಆದರೆ ಒಬ್ಬರೇ ಒಂದು ಮಸೂದೆಯನ್ನು ತರಬಲ್ಲರು. ಈ ಎರಡು ಮಾತಿನ ನಡುವೆ ಇರುವುದೇ ಈ ವಾರದ ಕಥೆ.

ಮಸೂದೆ ಎಂದರೆ ಕಾನೂನಿನ ಕರಡು. ಅದನ್ನು ಸಂಸತ್ತಿನ ಎರಡೂ ಸದನಗಳು, ಅಂದರೆ ಲೋಕಸಭೆ ಮತ್ತು ರಾಜ್ಯಸಭೆ ಒಪ್ಪಬೇಕು. ಆಮೇಲೆ ರಾಷ್ಟ್ರಪತಿಯವರು ಅಂಕಿತ ಹಾಕಬೇಕು. ಆಗ ಅದು ಕಾಯ್ದೆಯಾಗುತ್ತದೆ. ಸಾಮಾನ್ಯವಾಗಿ ಮಸೂದೆ ತರುವವರು ಮಂತ್ರಿಗಳು. ಅದು ಸರ್ಕಾರದ ಮಸೂದೆ. ಮಂತ್ರಿಯಲ್ಲದ ಸದಸ್ಯರು ಯಾವ ಪಕ್ಷದವರಾದರೂ ಸರಿ, ಸಂಸತ್ತಿನ ಭಾಷೆಯಲ್ಲಿ ಅವರು ‘ಖಾಸಗಿ ಸದಸ್ಯರು’. ಆಳುವ ಪಕ್ಷದವರಾಗಿದ್ದು ಮಂತ್ರಿಯಾಗದಿದ್ದರೆ ಅವರೂ ಖಾಸಗಿ ಸದಸ್ಯರೇ. ಅವರು ತರುವುದು ಖಾಸಗಿ ಸದಸ್ಯರ ಮಸೂದೆ.

ಸಕಲೇಶಪುರ, ಆಲೂರು ಎರಡೂ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಲೋಕಸಭೆಯ 543 ಸದಸ್ಯರಲ್ಲಿ ಹಾಸನದವರು ಒಬ್ಬರು. ಅವರಿಗೆ ಒಂದು ಮಸೂದೆ ತರಬೇಕೆನ್ನಿಸಿತು ಎಂದುಕೊಳ್ಳಿ. ಒಂದು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ಈ ಕಾನೂನು ಯಾಕೆ ಬೇಕು ಎಂದು ವಿವರಿಸುವ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ಯನ್ನು ಜೊತೆಗಿಡಬೇಕು. ಅದರಿಂದ ಸರ್ಕಾರದ ಬೊಕ್ಕಸಕ್ಕೆ ಖರ್ಚು ಬರುವುದಾದರೆ, ಮುಂದೆ ಚರ್ಚೆಗೆ ಎತ್ತಿಕೊಳ್ಳಲು ರಾಷ್ಟ್ರಪತಿಯವರ ಶಿಫಾರಸು ಬೇಕು. ಇಷ್ಟೆಲ್ಲ ಆದ ಮೇಲೆ ಸಿಗುವ ಸಮಯ ಎಷ್ಟು ಗೊತ್ತೇ? ಶುಕ್ರವಾರದ ಕಲಾಪದ ಕೊನೆಯ ಎರಡೂವರೆ ಗಂಟೆ! ಅದನ್ನೇ ಎಲ್ಲ ಖಾಸಗಿ ಸದಸ್ಯರೂ ಹಂಚಿಕೊಳ್ಳಬೇಕು. ಯಾರ ಮಸೂದೆ ಮೊದಲು ಎಂದು ತೀರ್ಮಾನಿಸಲು ಚೀಟಿ ಎತ್ತುತ್ತಾರೆ. ಶಾಲೆಯಲ್ಲಿ ಕಬಡ್ಡಿ ತಂಡ ಮಾಡುವಾಗ ನೀವು ಚೀಟಿ ಎತ್ತುವುದಿಲ್ಲವೇ, ಹಾಗೆ.

ಈಗ ಒಂದು ಲೆಕ್ಕ. 1952ರಿಂದ ಇಲ್ಲಿಯವರೆಗೆ ಖಾಸಗಿ ಸದಸ್ಯರು ತಂದ ಸಾವಿರಾರು ಮಸೂದೆಗಳಲ್ಲಿ ಕಾಯ್ದೆಯಾಗಿರುವುದು 14 ಮಾತ್ರ. ಕೊನೆಯದು ಆದದ್ದು 1970ರಲ್ಲಿ. ಅಂದರೆ ಈ ಪುಟ ಓದುತ್ತಿರುವ ಎಷ್ಟೋ ಅಜ್ಜ-ಅಜ್ಜಿಯರು ಆಗ ಇನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದರು.

“ಹಾಗಾದರೆ ಸುಮ್ಮನೆ ಯಾಕೆ ತರಬೇಕು?” ಎಂದು ಕೇಳುತ್ತೀರಿ. ಅದಕ್ಕೇ ಮೂರು ಕಥೆ ಹೇಳುತ್ತೇನೆ.

ಮೊದಲನೆಯದು ಗೆದ್ದ ಮಸೂದೆಯ ಕಥೆ. ಉತ್ತರ ಪ್ರದೇಶದ ರಾಯ್‌ಬರೇಲಿಯ ಸದಸ್ಯ ಫಿರೋಜ್ ಗಾಂಧಿ 1956ರಲ್ಲಿ ಒಂದು ಮಸೂದೆ ತಂದರು. ಸಂಸತ್ತಿನೊಳಗೆ ಸದಸ್ಯರು ಏನು ಬೇಕಾದರೂ ಮಾತಾಡಬಹುದು, ಅದಕ್ಕಾಗಿ ಅವರ ಮೇಲೆ ಕೋರ್ಟಿನಲ್ಲಿ ಕೇಸು ಹಾಕುವಂತಿಲ್ಲ. ಆದರೆ ಅದೇ ಮಾತನ್ನು ಪತ್ರಿಕೆಯವರು ಅಚ್ಚು ಹಾಕಿದರೆ? ಅವರ ಮೇಲೆ ಕೇಸು ಬೀಳಬಹುದಿತ್ತು. ಸಂಸತ್ತಿನಲ್ಲಿ ನಡೆದದ್ದನ್ನು ಕೆಟ್ಟ ಉದ್ದೇಶವಿಲ್ಲದೆ, ನಡೆದ ಹಾಗೆಯೇ ವರದಿ ಮಾಡಿದವರಿಗೆ ರಕ್ಷಣೆ ಇರಬೇಕು ಎಂದಿತು ಅವರ ಮಸೂದೆ. ಅದೇ ವರ್ಷ ಅದು ಕಾಯ್ದೆಯಾಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಆ ಕಾಯ್ದೆಯನ್ನು ರದ್ದು ಮಾಡಿದರು. 1977ರಲ್ಲಿ ಹೊಸ ಸರ್ಕಾರ ಬಂದು ಅದನ್ನು ಮತ್ತೆ ತಂದಿತು. ಗೆದ್ದ ಕಾನೂನನ್ನೂ ಕಾಯಬೇಕು ಎಂಬುದು ಈ ಕಥೆಯ ಪಾಠ.

ಎರಡನೆಯದು ಸೋತಂತೆ ಕಂಡ ಮಸೂದೆಯ ಕಥೆ. ನಮ್ಮ ಆಲೂರಿನ ಹುಡುಗಿಗೆ ಇದೇ ಹೆಚ್ಚು ಹತ್ತಿರ.

ರುಕ್ಮಿಣೀದೇವಿ ಅರುಂಡೇಲ್ ಹೆಸರಾಂತ ನೃತ್ಯಗಾರ್ತಿ. ಭರತನಾಟ್ಯಕ್ಕೆ ಹೊಸ ಗೌರವ ತಂದವರು. ಮದ್ರಾಸಿನ ಕಲಾಕ್ಷೇತ್ರವನ್ನು 1936ರಲ್ಲಿ ಕಟ್ಟಿದವರು. 1952ರಲ್ಲಿ ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಅವರು ಅಲ್ಲಿ ಮಾತಾಡಿದ್ದು ಬರೀ ನೃತ್ಯದ ಬಗ್ಗೆ ಅಲ್ಲ, ಮಾತು ಬಾರದ ಪ್ರಾಣಿಗಳ ಬಗ್ಗೆ. ಆಗ ದೇಶದಲ್ಲಿದ್ದದ್ದು ಬ್ರಿಟಿಷರ ಕಾಲದ 1890ರ ಹಳೆಯ ಕಾಯ್ದೆ. ಅದು ಸಾಲದು ಎಂದು 1953ರಲ್ಲಿ ಅವರು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಮಸೂದೆಯನ್ನು ಖಾಸಗಿ ಸದಸ್ಯೆಯಾಗಿ ತಂದರು. 1954ರಲ್ಲಿ ಅದರ ಚರ್ಚೆ ನಡೆಯಿತು. ಪ್ರಧಾನಿ ನೆಹರೂ ಅವರು ಮಸೂದೆಯ ಆಶಯ ಒಪ್ಪಿಗೆಯಾಗಿದೆ ಎಂದರು. ಸರ್ಕಾರವೇ ಇದನ್ನು ಪರಿಶೀಲಿಸಿ ಮಸೂದೆ ತರುತ್ತದೆ, ನಿಮ್ಮದನ್ನು ಹಿಂತೆಗೆದುಕೊಳ್ಳಿ ಎಂದು ಕೇಳಿದರು. ರುಕ್ಮಿಣೀದೇವಿ ಹಿಂತೆಗೆದುಕೊಂಡರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಇಲ್ಲ. ಸರ್ಕಾರ ಸಮಿತಿ ಮಾಡಿತು, ಸಮಿತಿ ವರದಿ ಕೊಟ್ಟಿತು, 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರಂತೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ರುಕ್ಮಿಣೀದೇವಿಯವರೇ.

ಆ ಕಾಯ್ದೆ ಏನು ಹೇಳುತ್ತದೆ? ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಹೊರಲಾರದಷ್ಟು ಭಾರ ಹೇರುವುದು ತಪ್ಪು. ಗಾಯವಾದ, ಕಾಯಿಲೆಯಾದ ಎತ್ತಿನಿಂದ ಕೆಲಸ ಮಾಡಿಸುವುದು ತಪ್ಪು. ತೀರಾ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಸಾಕಿದ ಪ್ರಾಣಿಗೆ ಸಾಕಷ್ಟು ಮೇವು ನೀರು ಕೊಡದಿರುವುದು ತಪ್ಪು. ನೋವಾಗುವ ರೀತಿಯಲ್ಲಿ ಸಾಗಿಸುವುದೂ ತಪ್ಪು. ಸಂತೆಯಿಂದ ಕೋಳಿಗಳನ್ನು ತಲೆಕೆಳಗು ಮಾಡಿ ನೇತುಹಾಕಿಕೊಂಡು ಬರುವವರನ್ನು ಕಂಡಾಗ ಈ ಮಾತು ನೆನಪಿಗೆ ಬರಲಿ. ಆದರೆ ಕಾಯ್ದೆಯಲ್ಲಿ ಮೊದಲ ಸಲದ ಇಂಥ ತಪ್ಪಿಗೆ ಬರೆದ ದಂಡ ಹೆಚ್ಚೆಂದರೆ 50 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಇಂದಿನ ಲೆಕ್ಕಕ್ಕೆ ಅದು ಏನೂ ಅಲ್ಲ. ಇದನ್ನು ಹೆಚ್ಚಿಸಬೇಕೆಂಬ ಮಾತು ಹಲವು ವರ್ಷಗಳಿಂದ ನಡೆದಿದೆ.

ಮೂರನೆಯ ಕಥೆ ಹಾಸನ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರುವ ಒಬ್ಬರಿಗೆ ಸಂಬಂಧಿಸಿದ್ದು. ಇದು ಖಾಸಗಿ ಸದಸ್ಯರ ಮಸೂದೆಯಲ್ಲ, ಸರ್ಕಾರದ್ದು. ಸರ್ಕಾರದ ಮಸೂದೆಯೂ ಬೀಳುತ್ತದೆ ಎಂದು ತೋರಿಸಲು ಹೇಳುತ್ತಿದ್ದೇನೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. ಅವರ ಸರ್ಕಾರ ಆ ವರ್ಷದ ಸೆಪ್ಟೆಂಬರ್ 12ರಂದು ಲೋಕಸಭೆಯಲ್ಲಿ, ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ ಮಸೂದೆ ಮಂಡಿಸಿತು. ಗೀತಾ ಮುಖರ್ಜಿ ಅವರ ನೇತೃತ್ವದ ಸಮಿತಿ ಅದನ್ನು ಪರಿಶೀಲಿಸಿತು. ಅಷ್ಟರಲ್ಲಿ ಸರ್ಕಾರ ಹೋಯಿತು, ಲೋಕಸಭೆ ವಿಸರ್ಜನೆಯಾಯಿತು. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಉಳಿದ ಮಸೂದೆಗಳೂ ಅದರೊಂದಿಗೆ ಬಿದ್ದುಹೋಗುತ್ತವೆ. ಬೇರೆ ಬೇರೆ ಸರ್ಕಾರಗಳು ಆ ಮಸೂದೆಯನ್ನು ಮತ್ತೆ ಮತ್ತೆ ತಂದವು. 2010ರ ಮಾರ್ಚ್ 9ರಂದು ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಮತ್ತೆ ನಿಂತಿತು, 2014ರಲ್ಲಿ ಮತ್ತೆ ಬಿತ್ತು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಎರಡೂ ಸದನಗಳು ಒಪ್ಪಿ ಸಂವಿಧಾನದ 106ನೇ ತಿದ್ದುಪಡಿಯಾಯಿತು. 27 ವರ್ಷ! ಜನಗಣತಿ ಮತ್ತು ಕ್ಷೇತ್ರಗಳ ಮರುವಿಂಗಡಣೆಯ ಬಳಿಕ ಮೀಸಲಾತಿ ಜಾರಿಗೆ ಬರಬೇಕೆಂದು ಅದರಲ್ಲೇ ಬರೆದಿದೆ. 1996ರಲ್ಲಿ ಹುಟ್ಟಿದ ಮಗು ಬೆಳೆದು ಕೆಲಸಕ್ಕೆ ಸೇರುವಷ್ಟು ಕಾಲ ಬೇಕಾಯಿತು.

ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹೂಮಳೆ ಬಂದರೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಆದರೆ ಕೆಲವು ವಾರ ಕಳೆದ ಮೇಲೆ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಮಸೂದೆ ತರುವುದು ಹೂ ಬಿಟ್ಟಂತೆ. ಅದರ ಹಿಂದೆ ಜನರ ಮಾತು, ಪತ್ರಿಕೆಗಳ ಬರಹ, ಸದನದ ಚರ್ಚೆ ಬರಬೇಕು. ಅದೇ ಬ್ಯಾಕಿಂಗ್ ಮಳೆ.

ಇನ್ನು ಹುಡುಗಿಯ ಆನೆಯ ಮಾತಿಗೆ ಬರೋಣ. ಆನೆಗೆ ಈಗಾಗಲೇ ಒಂದು ಕಾನೂನಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆಗ ವನ್ಯಜೀವಿ ರಾಜ್ಯಗಳ ಪಟ್ಟಿಯಲ್ಲಿದ್ದ ವಿಷಯ. ಹಾಗಾಗಿ ಕೆಲವು ರಾಜ್ಯಗಳ ಶಾಸನಸಭೆಗಳು “ಈ ವಿಷಯದಲ್ಲಿ ಸಂಸತ್ತೇ ಕಾನೂನು ಮಾಡಲಿ” ಎಂದು ನಿರ್ಣಯ ಮಾಡಿದ ಮೇಲೆ ಸಂಸತ್ತು ಆ ಕಾಯ್ದೆ ಮಾಡಿತು. 1977ರಲ್ಲಿ ಆನೆ ಅದರ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ ಸೇರಿತು.

ಬೆಳೆ ಹಾಳಾದಾಗ, ಜೀವ ಹೋದಾಗ ಕೊಡುವ ಪರಿಹಾರದ ಮೊತ್ತ ಹೆಚ್ಚಿಸಲು ಸಂಸತ್ತಿನ ಮಸೂದೆ ಬೇಕಾಗಿಲ್ಲ, ರಾಜ್ಯ ಸರ್ಕಾರದ ಆದೇಶ ಸಾಕು. ಅದನ್ನು ಕೇಳಬೇಕಾದವರು ಶಾಸಕರು. ಆನೆ ಓಡಾಡುವ ದಾರಿಯನ್ನು ಇಡೀ ದೇಶದಲ್ಲಿ ಕಾನೂನಿನಿಂದಲೇ ಕಾಪಾಡಬೇಕು ಎಂದರೆ ಅದು ಸಂಸತ್ತಿನ ಕೆಲಸ. ಅದಕ್ಕೆ ಎಂಪಿಗೆ ಬರೆಯಬೇಕು. ಎಂಪಿಯವರು ಮಸೂದೆ ತರಬಹುದು, ಪ್ರಶ್ನೋತ್ತರ ಅವಧಿಯಲ್ಲಿ ಮಂತ್ರಿಯನ್ನು ಪ್ರಶ್ನೆ ಕೇಳಬಹುದು. ಯಾವ ಬಾಗಿಲು ಯಾವ ಕೆಲಸಕ್ಕೆ ಎಂದು ಗೊತ್ತಿದ್ದರೆ ಅರ್ಧ ದಾರಿ ಸಾಗಿದಂತೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ತರಗತಿಯಲ್ಲಿ ನಾಲ್ಕೈದು ಜನ ಸೇರಿ ಒಂದು ಪುಟದ ಮಸೂದೆ ಬರೆಯಿರಿ. ಮೊದಲು ಹೆಸರು. ಆಮೇಲೆ ಯಾಕೆ ಬೇಕು ಎಂದು ಐದು ಸಾಲು. ಆಮೇಲೆ ಮೂರು ಕಲಂ: ಏನು ಮಾಡಬೇಕು, ಯಾರು ಮಾಡಬೇಕು, ಮಾಡದಿದ್ದರೆ ಏನು. ಕೊನೆಗೆ ಖರ್ಚು ಎಷ್ಟು, ಎಲ್ಲಿಂದ ಎಂದು ಒಂದು ಸಾಲು. ಬರೆಯುತ್ತಾ ಹೋದಂತೆ “ಆನೆಗೂ ತೊಂದರೆಯಾಗಬಾರದು, ನಮಗೂ ಆಗಬಾರದು” ಎಂದು ಹೇಳುವುದು ಎಷ್ಟು ಸುಲಭ, ಕಲಂ ಮಾಡಿ ಬರೆಯುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ತೋಟದ ಮಾಲೀಕರ ಪರ ಒಬ್ಬರು, ಕೂಲಿಯವರ ಪರ ಒಬ್ಬರು, ಗದ್ದೆ ರೈತರ ಪರ ಒಬ್ಬರು, ಆನೆಯ ಪರ ಒಬ್ಬರು ಮಾತಾಡಿ. ಆಮೇಲೆ ಕೈ ಎತ್ತಿ ಮತ ಹಾಕಿ. ಬಿದ್ದುಹೋದರೆ ಬೇಸರ ಬೇಡ. ತಿದ್ದಿ ಮುಂದಿನ ಶುಕ್ರವಾರ ಮತ್ತೆ ತನ್ನಿ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಕೊಟ್ಟು, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದದ್ದು ನಿಮಗೆ ನೆನಪಿರಬಹುದು. 1992ರಿಂದ ಆ ಕಟ್ಟು ಸಡಿಲವಾಗುತ್ತಾ ಬಂದು 1996ರಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ದೆಹಲಿಯಲ್ಲಿ ಬದಲಾದ ಕಾನೂನು ನಿಮ್ಮ ಮನೆಯ ಕಣದಲ್ಲಿ ಏನು ಬದಲಾಯಿಸಿತು? ಒಳ್ಳೆಯದೆಷ್ಟು, ಕಷ್ಟವೆಷ್ಟು? ರಾತ್ರಿ ಊಟವಾದ ಮೇಲೆ ಮೊಮ್ಮಕ್ಕಳಿಗೆ ಹೇಳಿ.

ಮಸೂದೆ ಬರೆದ ಮಕ್ಕಳು ಒಂದು ಪ್ರತಿಯನ್ನು ನಮಗೆ ಕಳಿಸಿ. ಇನ್ನೊಂದನ್ನು ಟೀಚರ್ ಸಹಿಯೊಂದಿಗೆ ನಿಮ್ಮ ಎಂಪಿಯವರ ವಿಳಾಸಕ್ಕೆ ಅಂಚೆಗೆ ಹಾಕಿ. ಉತ್ತರ ಬಂದರೆ ಅದನ್ನೂ ತಿಳಿಸಿ. ಬಾರದಿದ್ದರೆ ಒಂದು ತಿಂಗಳು ಬಿಟ್ಟು ಇನ್ನೊಂದು ಪತ್ರ ಬರೆಯಿರಿ.